ಎಂಟು ಗಂಟೆ ಮಲಗಿದ್ರೂ ನಿದ್ದೆ ಆಗಿಲ್ಲ ಅನ್ಸುತ್ತೆ. ಇದು ಸೈನಸ್ಸಾ, ಬೇರೆ ಏನಾದ್ರೂನಾ?

ತಲೆಭಾರ_41 · ಸೋಮವಾರ, ರಾತ್ರಿ 11:52

ಎಲ್ಲರಿಗೂ ನಮಸ್ಕಾರ. ವಯಸ್ಸು 41, ಮನೆ ಬೆಂಗಳೂರು ಪೀಣ್ಯದ ಕಡೆ. ಸೈನಸ್ ತೊಂದರೆ ಶುರುವಾಗಿ ಆರೇಳು ವರ್ಷ ಆಯ್ತು. ಮೊದಲು ಮಳೆಗಾಲಕ್ಕೆ ಬಂದು ಹೋಗೋದು, ಈಗ ಮನೆಯಳಿಯನ ಹಾಗೆ ವರ್ಷಪೂರ್ತಿ ಠಿಕಾಣಿ ಹೂಡಿದೆ.

ಹಗಲು ಹೇಗೋ ಕಳೆಯುತ್ತೆ. ರಾತ್ರಿ ದಿಂಬಿಗೆ ತಲೆ ಕೊಟ್ಟ ಹತ್ತೇ ನಿಮಿಷಕ್ಕೆ ಒಂದು ಹೊಳ್ಳೆ ಬಂದ್. ಮಗ್ಗುಲು ಬದಲಾಯಿಸಿದರೆ ಅದು ಬಿಡುತ್ತೆ, ಇದು ಕಟ್ಟುತ್ತೆ. ಬೆಳಗಿನ ತನಕ ಹೊಳ್ಳೆಗಳದ್ದು ಶಿಫ್ಟ್ ಡ್ಯೂಟಿ. ಹತ್ತೂವರೆಗೆ ಮಲಗಿ ಆರೂವರೆಗೆ ಏಳ್ತೀನಿ, ಲೆಕ್ಕಕ್ಕೆ ಎಂಟು ಗಂಟೆ. ಎದ್ದಾಗ ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿರುತ್ತೆ, ಹಣೆ ಮೇಲೆ ಗುಂಡುಕಲ್ಲು ಇಟ್ಟ ಹಾಗೆ. ಹನ್ನೊಂದು ಗಂಟೆ ಮೀಟಿಂಗಲ್ಲಿ ತೂಕಡಿಸಿ ಎರಡು ಸಲ ಮ್ಯಾನೇಜರ್ ಕಣ್ಣಿಗೆ ಬಿದ್ದಿದ್ದೀನಿ. ಗೊರಕೆ ತಾಳಲಾರದೆ ಮನೆಯವಳು ಮಗಳ ರೂಮಿಗೆ ಹೋಗಿ ಮಲಗೋಕೆ ಶುರು ಮಾಡಿ ಮೂರು ತಿಂಗಳು.

ಹೋದ ಡಾಕ್ಟರೆಲ್ಲ ಮೂಗಿಗೆ ಏನಾದ್ರೂ ಕೊಡ್ತಾರೆ. ನಿದ್ದೆ ಬಗ್ಗೆ ಒಬ್ಬರೂ ಕೇಳಿಲ್ಲ, ನಾನೂ ಹೇಳಿಲ್ಲ. ಎರಡಕ್ಕೂ ಸಂಬಂಧ ಇದೆಯಾ? ಅಮ್ಮನ ಪ್ರಕಾರ ಎಲ್ಲಕ್ಕೂ ಕಾರಣ ಒಂದೇ, ತಲೆಗೆ ಸ್ನಾನ ಮಾಡಿ ಫ್ಯಾನ್ ಕೆಳಗೆ ಕೂರೋದು.

ಕಡಲತಡಿ · ಮಂಗಳವಾರ, ಬೆಳಿಗ್ಗೆ 6:40

ಮಾರಾಯ್ರೆ, ನನ್ನ ಕಥೆಯನ್ನೇ ನೀವು ಬರೆದ ಹಾಗೆ ಉಂಟು. ಉಡುಪಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ, ಬೆಲ್ಟ್, ಚಪ್ಪಲಿ ಎಲ್ಲದಕ್ಕೂ ಬೂಸ್ಟು. ಹಾಸಿಗೆಗೂ ಹಿಡಿದಿದ್ದು ಗೊತ್ತೇ ಆಗಿರಲಿಲ್ಲ. ಹದಿನೈದು ವರ್ಷದ ಹತ್ತಿ ಹಾಸಿಗೆ ಬಿಸಾಡಿದ ಮೇಲೆ ನನಗೆ ಅರ್ಧ ಗುಣ. ಉಳಿದರ್ಧಕ್ಕೆ ಇನ್ನೂ ಹುಡುಕಾಟ ನಡೆದಿದೆ.

ಧಾರವಾಡದಾಂವ · ಮಂಗಳವಾರ, ಬೆಳಿಗ್ಗೆ 8:15

ಅಣ್ಣಾರ, ಒಂದ್ ಅರಿಶಿಣ ಕೊಂಬು ದೀಪಕ್ಕ ಹಿಡದು ಸುಟ್ಟು ಹೊಗಿ ಮೂಗಿನಾಗ ಎಳಕೊಳ್ರಿ. ನಮ್ಮ ಆಯಿ ಮಾಡ್ತಿದ್ದರು. ಕಣ್ಣಾಗ ನೀರು ಬರ್ತಾವು, ಖರೆ, ಆದ್ರ ಮೂಗು ಬಿಡ್ತೈತಿ. ಹತ್ತು ನಿಮಿಷಕ್ಕ ಮತ್ತ ಕಟ್ಟತೈತಿ, ಅದು ಬ್ಯಾರೆ ಮಾತು.

ರಾತ್ರಿಪಾಳಿ · ಮಂಗಳವಾರ, ಮಧ್ಯಾಹ್ನ 2:05

ಇಎನ್‌ಟಿ ವಾರ್ಡಲ್ಲಿ ಒಂಬತ್ತು ವರ್ಷ ನರ್ಸ್ ಆಗಿದ್ದೀನಿ. ಸಂಬಂಧ ಖಂಡಿತ ಇದೆ ಸಾರ್. ಇಂಥ ರೋಗಿಗಳಿಗೆ ತುಂಬಿಸೋಕೆ ಒಂದು ಪ್ರಶ್ನಾವಳಿ ಇದೆ, ಸ್ನಾಟ್-22 ಅಂತ. (ಇಂಗ್ಲಿಷಲ್ಲಿ ಸ್ನಾಟ್ ಅಂದ್ರೆ ಸಿಂಬಳ. ಹೆಸರಿಟ್ಟವರು ಬೇಕಂತಲೇ ಇಟ್ಟಿರಬೇಕು.) 22 ಪ್ರಶ್ನೆ, ಒಂದೊಂದಕ್ಕೆ 0ರಿಂದ 5 ಅಂಕ, ಒಟ್ಟು 110. ಮೂಗಿನ ಬಗ್ಗೆ ಅಂತ ತಿಳ್ಕೊಂಡು ಜನ ಓದೋಕೆ ಶುರು ಮಾಡ್ತಾರೆ. ಮಧ್ಯದಲ್ಲಿ ನಿದ್ದೆ ಹತ್ತೋದು ಕಷ್ಟವಾ, ರಾತ್ರಿ ಎಚ್ಚರ ಆಗುತ್ತಾ, ಎದ್ದಾಗ ಸುಸ್ತಾ ಅಂತ ಸಾಲಾಗಿ ಬರುತ್ತೆ. ಎಷ್ಟೋ ಜನಕ್ಕೆ ಮೂಗಿನ ಪ್ರಶ್ನೆಗಿಂತ ಅಲ್ಲೇ ಅಂಕ ಜಾಸ್ತಿ ಬೀಳೋದು. "ಅಯ್ಯೋ ಸಿಸ್ಟರ್, ಇದನ್ನ ಯಾರೂ ಕೇಳೇ ಇರಲಿಲ್ಲ" ಅಂತಾರೆ.

ನಿಮಗೆ ನಾಲ್ಕು ಪ್ರಶ್ನೆ. ವಾಸನೆ ಗೊತ್ತಾಗುತ್ತಾ? ಕಟ್ಟೋದು ಎರಡೂ ಕಡೆನಾ, ಒಂದೇ ಕಡೆನಾ? ಗೊರಕೆ ನಡುವೆ ಉಸಿರು ನಿಂತ ಹಾಗಾಗಿ ಆಮೇಲೆ ಗಕ್ಕನೆ ಎಳ್ಕೊಳ್ತೀರಾ (ಇದನ್ನ ಮನೆಯವರನ್ನ ಕೇಳಿ, ನಿಮಗೆ ಗೊತ್ತಾಗಲ್ಲ)? ಕೊನೇದು, ಮೂಗಿಗೆ ಡ್ರಾಪ್ಸ್ ಹಾಕ್ತೀರಾ? ನಿಜ ಹೇಳಿ.

ತಲೆಭಾರ_41 · ಮಂಗಳವಾರ, ರಾತ್ರಿ 10:20

ಸಿಕ್ಕಿಹಾಕ್ಕೊಂಡೆ ಮೇಡಂ. ಡ್ರಾಪ್ಸ್ ಹಾಕ್ತೀನಿ. ಮೆಡಿಕಲ್ ಶಾಪಲ್ಲಿ ಸಿಗೋದೇ, ಚೀಟಿ ಕೇಳಲ್ಲ. ಮಲಗೋಕೆ ಮುಂಚೆ ಒಂದು ಸಲ, ಮಧ್ಯರಾತ್ರಿ ಇನ್ನೊಂದು ಸಲ. ಒಂದು ವರ್ಷದ ಮೇಲಾಯ್ತು. ಬಾಟಲಿ ದಿಂಬಿನ ಕೆಳಗೇ ಇರುತ್ತೆ, ಊರಿಗೆ ಹೋಗುವಾಗ ಚಾರ್ಜರ್ ಮರೆತರೂ ಅದನ್ನ ಮರೆಯಲ್ಲ.

ಕಟ್ಟೋದು ಎರಡೂ ಕಡೆ. ವಾಸನೆ ಅರ್ಧಂಬರ್ಧ. ಮನೆಯವಳು ಹೇಳೋದು, ಒಂದೊಂದು ಸಲ ಉಸಿರು ನಿಲ್ಲುತ್ತಂತೆ, ಅವಳು ಎದ್ದು ಅಲ್ಲಾಡಿಸಿ ನೋಡಿದ್ದೂ ಉಂಟಂತೆ. ಇದನ್ನ ಇವತ್ತು ಕೇಳಿದ ಮೇಲೆ ಹೇಳಿದ್ದು. ಕೇಳಿ ಸ್ವಲ್ಪ ಗಾಬರಿ ಆಯ್ತು.

ಊರಿನ_ಇಎನ್‌ಟಿ · ಬುಧವಾರ, ಸಂಜೆ 7:30

ಈ ಗುಂಪಿನಲ್ಲಿ ಓದುವುದಷ್ಟೇ, ಬರೆಯಬಾರದು ಅಂದುಕೊಂಡಿದ್ದೆ. ಅರಿಶಿನದ ಹೊಗೆ ನೋಡಿ ಕೈ ತಡೆಯಲಿಲ್ಲ. ಉರಿಯೂತ ಆಗಿರುವ ಮೂಗಿಗೆ ಯಾವ ಹೊಗೆಯೂ ಬೇಡ. ಮಲಗುವ ಕೋಣೆಯ ಸೊಳ್ಳೆ ಬತ್ತಿಯ ಹೊಗೆ, ಊದಿನಕಡ್ಡಿಯ ಹೊಗೆಯೂ ಅದರಲ್ಲೇ ಸೇರಿತು. ಧಾರವಾಡದವರು ಕೋಪ ಮಾಡಿಕೊಳ್ಳಬಾರದು, ಆಯಿಯವರ ಮೇಲೆ ನನಗೆ ಗೌರವವಿದೆ. ಇಲ್ಲಿ ಯಾರಿಗೂ ಔಷಧಿ ಬರೆಯುವುದಿಲ್ಲ, ವಿಷಯ ಮಾತ್ರ ಹೇಳುತ್ತೇನೆ.

ಮೂಗು ಕಟ್ಟುವುದು, ಮುಂದಕ್ಕೋ ಗಂಟಲ ಹಿಂದಕ್ಕೋ ಸುರಿಯುವುದು, ಮುಖದ ನೋವು ಅಥವಾ ಭಾರ, ವಾಸನೆ ಕುಂದುವುದು. ಇವುಗಳಲ್ಲಿ ಎರಡಾದರೂ 12 ವಾರ ಬಿಡದೆ ಇದ್ದು, ಆ ಎರಡರಲ್ಲಿ ಒಂದು ಕಟ್ಟುವುದೋ ಸುರಿಯುವುದೋ ಆಗಿದ್ದು, ಎಂಡೋಸ್ಕೋಪಿಯಲ್ಲೋ (ಮೂಗಿನೊಳಗೆ ಸಣ್ಣ ಕ್ಯಾಮೆರಾ ಇಳಿಸಿ ನೋಡುವುದು) ಸಿಟಿ ಸ್ಕ್ಯಾನಿನಲ್ಲೋ ಅದಕ್ಕೆ ಪುರಾವೆ ಸಿಕ್ಕರೆ ದೀರ್ಘಕಾಲದ ಸೈನಸೈಟಿಸ್ ಅನ್ನುತ್ತೇವೆ. ಬೆಂಗಳೂರಿನಲ್ಲಿ ಧೂಳು, ಪರಾಗದಿಂದ ಮೂಗು ಕಟ್ಟಿಕೊಂಡವರೆಲ್ಲ "ಸೈನಸ್ ಇದೆ" ಎನ್ನುತ್ತಾರೆ. ಬಹಳಷ್ಟು ಜನರಿಗೆ ಇರುವುದು ಅಲರ್ಜಿಯ ನೆಗಡಿ. ರಸ್ತೆ ಬದಿಯ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, ಅದರದ್ದು ದೊಡ್ಡ ಪಾಲು. ಹಾಸಿಗೆಯ ಧೂಳಿನ ನುಸಿ ಇನ್ನೊಂದು. ಇವೆರಡೂ ಸೈನಸೈಟಿಸ್ ಜೊತೆ ಸೇರಿಯೂ ಇರಬಹುದು.

ಇನ್ನು ನಿದ್ದೆ. ಉಸಿರಿನ ದಾರಿಯಲ್ಲಿ ಗಾಳಿಗೆ ಸಿಗುವ ತಡೆಯಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಮೂಗಿನಲ್ಲೇ. ಮಲಗಿದಾಗ ತಲೆಯ ಕಡೆ ರಕ್ತ ನಿಂತು ಮೂಗಿನೊಳಗಿನ ಟರ್ಬಿನೇಟ್ ಎಂಬ ಮಡಿಕೆಗಳು ಉಬ್ಬುತ್ತವೆ. ಆರೋಗ್ಯವಂತರಿಗೂ ಹೀಗಾಗುತ್ತದೆ, ಅವರಲ್ಲಿ ಜಾಗ ಇರುವುದರಿಂದ ಗೊತ್ತಾಗುವುದಿಲ್ಲ. ಮಗ್ಗುಲಾಗಿ ಮಲಗಿದರೆ ಕೆಳಗಿನ ಹೊಳ್ಳೆ ಕಟ್ಟುತ್ತದೆ. ನಿಮ್ಮ "ಶಿಫ್ಟ್ ಡ್ಯೂಟಿ"ಗೂ ಹೆಸರಿದೆ. ಹೊಳ್ಳೆಗಳು ಕೆಲವು ಗಂಟೆಗೊಮ್ಮೆ ಸರದಿಯಂತೆ ಕಟ್ಟಿ ಬಿಡುವುದನ್ನು ಕೈಸರ್ ಎಂಬ ಜರ್ಮನ್ ವೈದ್ಯ 1895ರಲ್ಲಿ ವಿವರಿಸಿದ. ನಮ್ಮ ಯೋಗದವರು ಸೂರ್ಯನಾಡಿ, ಚಂದ್ರನಾಡಿ ಅಂತ ಇದನ್ನು ಬಹಳ ಮೊದಲೇ ಗಮನಿಸಿದ್ದರು. ಸಾಲದ್ದಕ್ಕೆ ಉರಿಯೂತವನ್ನು ತಹಬಂದಿಗೆ ತರುವ ಕಾರ್ಟಿಸಾಲ್ ಮಧ್ಯರಾತ್ರಿಯ ಹೊತ್ತಿಗೆ ದೇಹದಲ್ಲಿ ತೀರಾ ಕಡಿಮೆ ಇರುತ್ತದೆ. ಮೂಗು ಮುಚ್ಚಿದರೆ ಬಾಯಿ ತೆರೆಯುತ್ತದೆ, ದವಡೆ ಇಳಿದು ನಾಲಿಗೆ ಹಿಂದಕ್ಕೆ ಜಾರುತ್ತದೆ. ಅಲ್ಲಿಂದ ಗೊರಕೆ.

ಇದು ಬರೀ ಕೊಳಾಯಿ ಕಟ್ಟಿದ ಲೆಕ್ಕ ಎಂದುಕೊಂಡರೆ ಮಾತ್ರ ತಪ್ಪು. ಸಿಟಿ ಸ್ಕ್ಯಾನಿಗೆ 0ರಿಂದ 24ರವರೆಗೆ ಅಂಕ ಕೊಡುತ್ತೇವೆ, ಅಂಕ ಹೆಚ್ಚಿದಷ್ಟೂ ಕಾಯಿಲೆ ಹೆಚ್ಚು. 4 ಅಂಕದವರು ಬೆಳಗಿನವರೆಗೆ ಹೊರಳಾಡುವುದನ್ನೂ ನೋಡಿದ್ದೇನೆ, 18 ಅಂಕದವರು ಕುಂಭಕರ್ಣನಂತೆ ಮಲಗುವುದನ್ನೂ ನೋಡಿದ್ದೇನೆ. ಅಧ್ಯಯನಗಳಲ್ಲೂ ಸ್ಕ್ಯಾನಿನ ಅಂಕಕ್ಕೂ ನಿದ್ದೆಯ ಗುಣಮಟ್ಟಕ್ಕೂ ಸರಿಯಾದ ತಾಳೆ ಸಿಕ್ಕಿಲ್ಲ. ಉರಿಯೂತದಲ್ಲಿ ಬಿಡುಗಡೆಯಾಗುವ ಸೈಟೊಕೈನ್ ಎಂಬ ರಾಸಾಯನಿಕಗಳು ಮೆದುಳಿನ ನಿದ್ದೆಯ ವ್ಯವಸ್ಥೆಯನ್ನೇ ತಟ್ಟುತ್ತವೆ ಎಂಬುದು ಒಂದು ಕಾರಣ. ಜ್ವರ ಬಂದಾಗ ದಿನವಿಡೀ ಮಲಗಿದ್ದರೂ ಸುಸ್ತು ಹೋಗುವುದಿಲ್ಲವಲ್ಲ, ಆ ಜಾತಿಯದು.

ತಲೆಭಾರ ಅವರೇ, ನಿಮ್ಮಲ್ಲಿ ಮೂರು ಎಳೆ ಸಿಕ್ಕುಹಾಕಿಕೊಂಡಂತೆ ಕಾಣುತ್ತದೆ: ಮೂಗಿನ ಕಾಯಿಲೆ, ಡ್ರಾಪ್ಸ್ ಚಟ, ಉಸಿರು ನಿಲ್ಲುವುದು. ಬಿಡಿಸುವುದನ್ನು ಎರಡನೆಯದರಿಂದ ಶುರು ಮಾಡಿ. ಕ್ಸೈಲೊಮೆಟಾಜೊಲಿನ್, ಆಕ್ಸಿಮೆಟಾಜೊಲಿನ್ ಡ್ರಾಪ್ಸ್ ಐದಾರು ದಿನಕ್ಕಿಂತ ಹೆಚ್ಚು ಹಾಕಿದರೆ ಔಷಧಿಯ ಪ್ರಭಾವ ಇಳಿಯುತ್ತಿದ್ದಂತೆ ಮೂಗು ಮೊದಲಿಗಿಂತ ಬಿಗಿಯಾಗಿ ಕಟ್ಟುತ್ತದೆ. ಮಧ್ಯರಾತ್ರಿ ನಿಮ್ಮನ್ನು ಎಬ್ಬಿಸುತ್ತಿರುವುದು ಸೈನಸ್ ಅಲ್ಲದಿರಬಹುದು, ಹತ್ತೂವರೆಗೆ ಹಾಕಿದ ಹನಿಗಳೇ ಇರಬಹುದು.

ಪತ್ತೇದಾರಿ_ಪದ್ದು · ಬುಧವಾರ, ರಾತ್ರಿ 9:10

ಡಾಕ್ಟರ್ ಹೇಳಿದ್ದಕ್ಕೆ ನನ್ನದೂ ಒಂದು ಸೇರಿಸ್ತೀನಿ. ಹತ್ತು ವರ್ಷ "ಸೈನಸ್ ತಲೆನೋವು" ಅಂತ ಬದುಕಿದೆ. ಕಣ್ಣಿನ ಸುತ್ತ, ಕೆನ್ನೆ ಮೇಲೆ ಒತ್ತಿದ ಹಾಗೆ, ಮೂಗಲ್ಲಿ ನೀರು ಬೇರೆ. ನಿದ್ದೆ ಕೆಟ್ಟ ಮಾರನೇ ದಿನ ತಪ್ಪದೇ ಬರೋದು. ಆಂಟಿಬಯಾಟಿಕ್ ನುಂಗಿದ್ದಕ್ಕೆ ಲೆಕ್ಕವೇ ಇಲ್ಲ. ನೋವು ಇರುವಾಗಲೇ ತೆಗೆಸಿದ ಸಿಟಿ ಸ್ಕ್ಯಾನ್ ಪೂರ್ತಿ ಶುಭ್ರ. ಕೊನೆಗೆ ನರರೋಗದ ಡಾಕ್ಟರು ಮೈಗ್ರೇನ್ ಅಂದ್ರು. ಮೈಗ್ರೇನಲ್ಲೂ ಮೂಗು ಕಟ್ಟಿ ಕಣ್ಣಲ್ಲಿ ನೀರು ಬರುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ. 2004ರಲ್ಲಿ ಅಮೆರಿಕದಲ್ಲಿ, ತಮಗಿರೋದು ಸೈನಸ್ ತಲೆನೋವು ಅಂತಿದ್ದ ಮೂರು ಸಾವಿರದಷ್ಟು ಜನರನ್ನ ಪರೀಕ್ಷೆ ಮಾಡಿದ್ರು. ಅವರಲ್ಲಿ 88% ಜನರದ್ದು ಮೈಗ್ರೇನ್ ಥರದ ತಲೆನೋವು. ಸೈನಸ್ ಸೋಂಕಿನ ಲಕ್ಷಣ ಇದ್ದವರನ್ನ, ಹಿಂದೆ ಮೈಗ್ರೇನ್ ಅಂತ ಗೊತ್ತಾದವರನ್ನ ಅದರಲ್ಲಿ ಸೇರಿಸಿರಲಿಲ್ಲ ಅನ್ನೋದನ್ನೂ ಹೇಳ್ಬೇಕು.

ಈಗ ರಾತ್ರಿ ಹೊತ್ತಿಗೆ ಸರಿಯಾಗಿ ಮಲಗಿ ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಎದ್ರೆ ತಿಂಗಳಿಗೆ ಒಂದೋ ಎರಡೋ, ಅಷ್ಟೇ.

ಮೂಗಿನ_ನೇರ · ಗುರುವಾರ, ಬೆಳಿಗ್ಗೆ 7:00

ಉಸಿರು ನಿಲ್ಲುತ್ತೆ ಅಂದ್ರಲ್ಲ, ಅದಕ್ಕೆ ಬರೀತಿದ್ದೀನಿ. ನಾನು ಇದೇ ದಾರೀಲಿ ಹೋಗಿ ಎಡವಿದವನು.

ನನಗೆ ಮೂಗಿನ ನಡುಗೋಡೆ ಸೊಟ್ಟ, ಜೊತೆಗೆ ಸೈನಸ್. ಒಂದು ಆಸ್ಪತ್ರೇಲಿ "ಆಪರೇಷನ್ ಮಾಡಿದ್ರೆ ಗೊರಕೆ, ಸ್ಲೀಪ್ ಆಪ್ನಿಯಾ ಎಲ್ಲಾ ಒಟ್ಟಿಗೆ ಹೋಗುತ್ತೆ" ಅಂದ್ರು (ಆಪ್ನಿಯಾ ಅಂದ್ರೆ ನಿದ್ದೇಲಿ ಉಸಿರು ಪದೇ ಪದೇ ನಿಲ್ಲೋದು). ಹಿಂದೆಮುಂದೆ ನೋಡದೆ ಮಾಡಿಸ್ಕೊಂಡೆ. ಮುಂಚೆ ಗಂಟೆಗೆ 34 ಸಲ ಉಸಿರು ಕಡಿತ ಆಗ್ತಿತ್ತು, ನಾಲ್ಕು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿದ್ರೆ 31. ಕೂತು ಅತ್ತೆ ಅಂದ್ರೂ ತಪ್ಪಿಲ್ಲ. ದುಡ್ಡಿನ ಮಾತು ಬೇಡ ಬಿಡಿ.

ಆಮೇಲೆ ಬೇರೆ ಡಾಕ್ಟರು ಹಾಳೆ ಮೇಲೆ ಚಿತ್ರ ಬರೆದು ತೋರಿಸಿದ್ರು. ಆಪ್ನಿಯಾದಲ್ಲಿ ಮುಚ್ಚಿಕೊಳ್ಳೋದು ಗಂಟಲು, ಮೂಗಲ್ಲ. ಮೂಗು ತೆರೆದ್ರೆ ನಿದ್ದೆ ಹಗುರ ಆಗುತ್ತೆ, ಆ ಅಂಕೆ ಮಾತ್ರ ಅಷ್ಟಾಗಿ ಇಳಿಯಲ್ಲ. ಹಾಗಂತ ಆಪರೇಷನ್ ಪೂರ್ತಿ ದಂಡ ಆಗಲಿಲ್ಲ. ಮೊದಲು ಸಿಪ್ಯಾಪ್ ಮೆಷಿನ್ (ಮಲಗುವಾಗ ಮಾಸ್ಕ್ ಮೂಲಕ ಒತ್ತಿ ಗಾಳಿ ಬಿಡೋದು) ಹಾಕ್ಕೊಂಡ್ರೆ ಕಟ್ಟಿದ ಮೂಗಿಗೆ ಗಾಳಿ ನುಗ್ಗಿ ಉಸಿರುಗಟ್ಟಿ ಕಿತ್ತು ಎಸೀತಿದ್ದೆ. ಈಗ ಆರು ಗಂಟೆ ಹಾಕ್ಕೊಂಡು ಮಲಗ್ತೀನಿ. ಮೊದಲ ವಾರ ಮಗ ನನ್ನ ನೋಡಿ ಫೈಟರ್ ಪೈಲಟ್ ಅಂತಿದ್ದ.

ತಲೆಭಾರ ಅಣ್ಣ, ಆಪರೇಷನ್‌ಗೆ ಮುಂಚೆ ಸ್ಲೀಪ್ ಸ್ಟಡಿ, ಅಂದ್ರೆ ನಿದ್ದೇಲಿ ಉಸಿರು ಅಳೆಯೋ ಪರೀಕ್ಷೆ, ಮಾಡಿಸಿ. ಮನೇಲೇ ಬೆರಳಿಗೆ, ಎದೆಗೆ ಕಟ್ಟಿಕೊಂಡು ಮಲಗೋ ಥರದ್ದೂ ಇದೆ. ಗಂಟೆಗೆ 5ರಿಂದ 15 ಇದ್ರೆ ಅಲ್ಪ, 30 ದಾಟಿದ್ರೆ ತೀವ್ರ.

ಹಲ್ಲುಹಲ್ಲಾ · ಗುರುವಾರ, ಮಧ್ಯಾಹ್ನ 1:30

ನಾನು ದಂತವೈದ್ಯೆ, ಎರಡೇ ಮಾತು. ಒಂದೇ ಕಡೆ ಕಟ್ಟಿ, ಸಿಂಬಳ ಕೆಟ್ಟ ವಾಸನೆ ಬರ್ತಿದ್ರೆ ಮೇಲಿನ ದವಡೆ ಹಲ್ಲನ್ನ ತೋರಿಸಿ. ಅದರ ಬೇರು ಕೆನ್ನೆಯ ಸೈನಸ್ಸಿನ ನೆಲಕ್ಕೆ ತಾಗಿಕೊಂಡಿರುತ್ತೆ, ಬೇರಿನ ಕೀವು ಅಲ್ಲಿಗೆ ಹೋಗುತ್ತೆ. ಹಲ್ಲು ಸರಿಮಾಡದೆ ಎಷ್ಟು ಮಾತ್ರೆ ನುಂಗಿದ್ರೂ ಮತ್ತೆ ಬರುತ್ತೆ.

ನಿರ್ವಾಹಕ · ಗುರುವಾರ, ಸಂಜೆ 4:00

"ಏಳು ದಿನದಲ್ಲಿ ಸೈನಸ್ ಮಾಯ" ತೈಲದ ಫೋನ್ ನಂಬರ್ ಹಾಕಿದ್ದ ಮೂರು ಪೋಸ್ಟ್ ತೆಗೆದಿದ್ದೇನೆ. ನಾಲ್ಕನೆಯದಕ್ಕೆ ಖಾತೆಯನ್ನೇ ತೆಗೆಯಲಾಗುವುದು.

ಆಸ್ಟಿನ್_ಅಕ್ಕ · ಶುಕ್ರವಾರ, ಬೆಳಿಗ್ಗೆ 9:45

ಟೆಕ್ಸಾಸಿಂದ. ಇಲ್ಲಿ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಸೀಡರ್ ಮರದ ಪರಾಗ. ಹೊರಗೆ ನಿಲ್ಲಿಸಿದ ಕಾರಿನ ಮೇಲೆ ಅರಿಶಿನ ಎರಚಿದ ಹಾಗೆ ಬಿದ್ದಿರುತ್ತೆ. ಬೆಂಗಳೂರು ಬಿಟ್ಟರೆ ಸೈನಸ್ ಹೋಗುತ್ತೆ ಅಂದುಕೊಂಡು ಬಂದವಳು ನಾನು.

ಮಾತ್ರೆ ಬಗ್ಗೆ ಯಾರೂ ಮಾತಾಡಿಲ್ಲ ಅಂತ ಬರೀತಿದ್ದೀನಿ. ಊರಿಗೆ ಬಂದಾಗೆಲ್ಲ ಅಲರ್ಜಿಗೆ ಅಂತ ಕೊಡೋ ಮಾಂಟೆಲುಕಾಸ್ಟ್, ಲಿವೊಸೆಟಿರಿಜಿನ್ ಸೇರಿದ ಮಾತ್ರೆ ಪಟ್ಟಿಗಟ್ಟಲೆ ಒಯ್ಯುತ್ತಿದ್ದೆ. ಅದು ಶುರುವಾದ ಮೇಲೆ ನನಗೆ ವಿಚಿತ್ರ ಕನಸು, ಬೆಚ್ಚಿಬಿದ್ದು ಏಳೋದು, ಸುಮ್ಮಸುಮ್ಮನೆ ಅಳು. ಮೂಗು ಕಟ್ಟಿದ್ದಕ್ಕೇ ಹೀಗೆ ಅಂದುಕೊಂಡೆ. ಇಲ್ಲಿಯ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರ ಮಾರ್ಚ್‌ನಲ್ಲಿ ಮಾಂಟೆಲುಕಾಸ್ಟ್‌ಗೆ ತನ್ನ ಅತಿ ಗಂಭೀರ ಎಚ್ಚರಿಕೆಯನ್ನೇ ಹಾಕಿತು. ಮನಸ್ಸಿನ ಮೇಲೆ ಪರಿಣಾಮ ಆಗಬಹುದು, ಬರೀ ಅಲರ್ಜಿಯ ನೆಗಡಿಗಾದರೆ ಬೇರೆ ಔಷಧಿಯಿಂದ ಆಗದವರಿಗೆ ಮಾತ್ರ ಕೊಡಿ ಅಂತ. ಎಲ್ಲರಿಗೂ ಹೀಗೆ ಆಗಲ್ಲ, ಆಸ್ತಮಾ ಇರುವವರು ತಾವಾಗಿ ನಿಲ್ಲಿಸಲೂಬಾರದು. ಆದರೆ ನಿದ್ದೆ ಕೆಟ್ಟಿದ್ದು ಮಾತ್ರೆ ಶುರುವಾದ ಮೇಲಾ ಅಂತ ಕ್ಯಾಲೆಂಡರ್ ನೋಡಿ, ಡಾಕ್ಟರಿಗೆ ಹೇಳಿ.

ರಾತ್ರಿಪಾಳಿ · ಶುಕ್ರವಾರ, ಮಧ್ಯಾಹ್ನ 3:20

ಅಕ್ಕ ಹೇಳಿದ್ದು ಸರಿ. ಇನ್ನೊಂದು, ಶೀತದ ಮಾತ್ರೆಗಳಲ್ಲಿ ಮೂಗು ಬಿಡಿಸೋಕೆ ಅಂತ ಸೇರಿಸಿರೋ ಸೂಡೊಎಫೆಡ್ರಿನ್ ಅಂಥದ್ದನ್ನ ರಾತ್ರಿ ನುಂಗಿದ್ರೆ ಎದೆ ಡವಡವ ಅಂದು ನಿದ್ದೆ ಹತ್ತಲ್ಲ. ಪಾಲಿಪ್ಸ್‌ಗೆ (ಮೂಗಿನೊಳಗೆ ಬೆಳೆಯೋ ಮೆತ್ತನೆ ಗಂಟು) ಅಂತ ಸ್ಟಿರಾಯ್ಡ್ ಮಾತ್ರೆ ಕೊಟ್ಟಿದ್ರೆ ಬೆಳಿಗ್ಗೆ ತಿಂಡಿ ಆದ್ಮೇಲೆ ತಗೊಳ್ಳಿ ಅಂತ ನಾವು ಹೇಳೋದೂ ಅದಕ್ಕೇ.

ತಲೆಭಾರ_41 · ಆರು ವಾರದ ನಂತರ, ಭಾನುವಾರ, ಸಂಜೆ 5:15

ಮಾಯ ಆಗಿಬಿಟ್ಟೆ ಅಂತ ಬೈಬೇಡಿ. ವರದಿ ತಂದಿದ್ದೀನಿ.

ಮೊದಲು ಡ್ರಾಪ್ಸ್. ಇಎನ್‌ಟಿ ಹತ್ರ ಹೋದೆ, ದಿಂಬಿನ ಕೆಳಗಿನ ಬಾಟಲಿ ಕಥೆ ಕೇಳಿ ನಕ್ಕರು. ಮೊದಲು ಒಂದೇ ಹೊಳ್ಳೆಗೆ ನಿಲ್ಲಿಸಿ, ಅದು ಸುಧಾರಿಸಿದ ಮೇಲೆ ಇನ್ನೊಂದು ಅಂದ್ರು. ಜೊತೆಗೆ ಸ್ಟಿರಾಯ್ಡ್ ಸ್ಪ್ರೇ. ಸ್ಟಿರಾಯ್ಡ್ ಅಂದಕೂಡಲೇ ಮನೇಲಿ ದೊಡ್ಡ ಗಲಾಟೆ. 2021ರಲ್ಲಿ ನಮ್ಮ ನೆಂಟರೊಬ್ಬರಿಗೆ ಕೋವಿಡ್ ಆದ್ಮೇಲೆ ಬ್ಲ್ಯಾಕ್ ಫಂಗಸ್ ಆಗಿ ಕಣ್ಣು ಹೋಗಿತ್ತು, ಅದಕ್ಕೆ ಅಮ್ಮ ಸುತರಾಂ ಬೇಡ ಅಂದ್ರು. ಆಗ ಆಗಿದ್ದು ಸಕ್ಕರೆ ಕಾಯಿಲೆ ಹತೋಟಿ ತಪ್ಪಿದವರಿಗೆ, ಬಾಯಿಗೂ ಇಂಜೆಕ್ಷನ್‌ನಲ್ಲೂ ಹೆಚ್ಚು ಕೊಟ್ಟಾಗ, ಈ ಸ್ಪ್ರೇ ಮೈಕ್ರೊಗ್ರಾಂ ಲೆಕ್ಕ ಅಂತ ಡಾಕ್ಟರೇ ಅಮ್ಮನ ಹತ್ರ ಫೋನಲ್ಲಿ ಮಾತಾಡಿದ್ರು. ಅವರ ಹೊಟ್ಟೆ ತಣ್ಣಗಿರಲಿ.

ಸ್ಪ್ರೇ ಹೊಡೆಯೋದನ್ನ ಇಷ್ಟು ವರ್ಷ ತಪ್ಪಾಗಿ ಮಾಡ್ತಿದ್ದೆ ಅಂತ ಗೊತ್ತಾಯ್ತು. ತಲೆ ಹಿಂದಕ್ಕೆ ಎತ್ತಿ ಹೊಡೆದು ಸೊರ್ ಅಂತ ಎಳ್ಕೊಳ್ತಿದ್ದೆ, ಎಲ್ಲಾ ಗಂಟಲಿಗೆ. ಸ್ವಲ್ಪ ತಲೆ ಬಗ್ಗಿಸಿ, ಎಡ ಹೊಳ್ಳೆಗೆ ಬಲಗೈಯಲ್ಲಿ, ಬಲ ಹೊಳ್ಳೆಗೆ ಎಡಗೈಯಲ್ಲಿ, ಕಿವಿ ಕಡೆ ಗುರಿಯಿಟ್ಟು ಹೊಡೆದ್ರೆ ನಡುಗೋಡೆಗೆ ಬೀಳಲ್ಲ, ರಕ್ತವೂ ಬರಲ್ಲ.

ಮೊದಲ ಹತ್ತು ದಿನ ನರಕ. ಸುಳ್ಳು ಹೇಳಲ್ಲ. ಮೂರನೇ ರಾತ್ರಿ ಎರಡು ಗಂಟೆಗೆ ಸೋಫಾ ಮೇಲೆ ಕೂತು, ಬೆಳಗಾಗಲಿ ಹೋಗಿ ಒಂದು ಬಾಟಲಿ ತರ್ತೀನಿ ಅಂತ ತೀರ್ಮಾನವೇ ಮಾಡಿದ್ದೆ. ಮನೆಯವಳು ಎದ್ದು ಬಂದು ಬೆನ್ನಿಗೆ ಎರಡು ದಿಂಬು ಒಟ್ಟಿ ಕೂರಿಸಿದಳು, ಹಾಗೇ ಕೂತಲ್ಲೇ ನಿದ್ದೆ ಹತ್ತಿತು. ಎರಡು ವಾರ ಆದ್ಮೇಲೆ ಒಂದು ದಿನ ಬೆಳಿಗ್ಗೆ ಅಡುಗೆಮನೆಯಿಂದ ಒಗ್ಗರಣೆ ಇಂಗಿನ ವಾಸನೆ ಬಂತು. ಹಾಸಿಗೆಯಲ್ಲೇ ಎದ್ದು ಕೂತೆ. ಎಷ್ಟು ವರ್ಷ ಆಗಿತ್ತೋ.

ಸಿಟಿಯಲ್ಲಿ ಎರಡೂ ಕೆನ್ನೆಯ ಸೈನಸ್ಸಿನ ಒಳಪದರ ಊದಿದೆ, ಪಾಲಿಪ್ಸ್ ಇಲ್ಲ. ಆಪರೇಷನ್ ಸದ್ಯಕ್ಕೆ ಬೇಡವಂತೆ. ಮನೇಲಿ ಮಾಡೋ ಸ್ಲೀಪ್ ಸ್ಟಡಿಯಲ್ಲಿ ಗಂಟೆಗೆ 11, ಹೆಚ್ಚಿನವು ಅಂಗಾತ ಮಲಗಿದಾಗಲೇ. ಮಗ್ಗುಲಾಗಿ ಮಲಗಿ, ಐದಾರು ಕೆಜಿ ಇಳಿಸಿ, ಮೂರು ತಿಂಗಳು ಬಿಟ್ಟು ನೋಡೋಣ ಅಂದಿದ್ದಾರೆ. ಟೀಶರ್ಟ್ ಬೆನ್ನಿಗೆ ಜೇಬು ಹೊಲಿಸಿ ಟೆನ್ನಿಸ್ ಬಾಲ್ ಇಟ್ಟಿದ್ದೀನಿ. ನಗಬೇಡಿ.

ಹಗಲು ತೂಕಡಿಕೆ ಅಳೆಯೋ ಪ್ರಶ್ನಾವಳಿ ಒಂದಿದೆಯಲ್ಲ, ಎಪ್‌ವರ್ತ್, ಎಂಟು ಪ್ರಶ್ನೆದು? 10 ದಾಟಿದ್ರೆ ಜಾಸ್ತಿ ಅಂತಾರೆ. ಮೊದಲು 24ಕ್ಕೆ 15 ಬಂದಿತ್ತು, ಈಗ 9. ಸುಸ್ತು ಪೂರ್ತಿ ಹೋಗಿಲ್ಲ. ಮೋಡ ಕವಿದ ದಿನ ಹಣೆ ಭಾರ ಹಾಗೇ ಇದೆ. ಮನೆಯವಳು ರೂಮಿಗೆ ವಾಪಸ್ ಬಂದಿದ್ದಾಳೆ, ವಾರಕ್ಕೆ ನಾಲ್ಕು ದಿನ. ಉಳಿದ ಮೂರು ದಿನದ ಮಾತುಕತೆ ನಡೀತಿದೆ.

ಧಾರವಾಡದಾಂವ · ಭಾನುವಾರ, ಸಂಜೆ 6:02

ಭಾಳ ಚೊಲೋ ಆತ್ರಿ! ನಾನೂ ಹೊಗಿ ಬಿಟ್ಟು ಉಪ್ಪುನೀರಿನಿಂದ ಮೂಗು ತೊಳಿಯೂ ನೇತಿ ಶುರು ಮಾಡೀನಿ. ಒಂದ್ ಕೇಳೂದೈತಿ. ನೀರು ಆರ್‌ಓದ್ದು ಹಂಗ ಹಾಕಿದ್ರ ನಡೀತೈತೇನ್ರಿ? ಉಪ್ಪು ಕಲ್ಲುಪ್ಪ ಆಗಬೇಕಾ, ಪುಡಿ ಉಪ್ಪಾ? ಮಕ್ಕೊಳ್ಳೂ ಮುಂದ ಮಾಡಿದ್ರ ದಿಂಬಿನ ತುಂಬ ನೀರು ಸುರೀತಾವು.

ರಾತ್ರಿಪಾಳಿ · ಭಾನುವಾರ, ರಾತ್ರಿ 8:48

ಆರ್‌ಓ ಆದ್ರೂ ಕುದಿಸಲೇಬೇಕು ಅಣ್ಣ. ಕುದಿ ಬಂದ್ಮೇಲೆ ಕನಿಷ್ಠ ಒಂದು ನಿಮಿಷ ಬಿಟ್ಟು ಮುಚ್ಚಿ ಆರಿಸಿ, ಉಗುರುಬೆಚ್ಚಗೆ ಇರುವಾಗ ಬಳಸಿ. ನಲ್ಲಿ ನೀರು ಕುಡಿದ್ರೆ ಏನೂ ಆಗದ ಅಮೀಬಾ, ಮೂಗಿಂದ ಹೋದ್ರೆ ಮೆದುಳಿಗೆ ಹೋಗುತ್ತೆ. 2011ರಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ನಲ್ಲಿ ನೀರಿಂದ ನೇತಿ ಮಾಡಿ ಇಬ್ಬರು ತೀರಿಕೊಂಡ್ರು. ಕೇರಳದಲ್ಲಿ 2024ರಲ್ಲಿ ಮಕ್ಕಳಿಗೆ ಆಗಿದ್ದೂ ಅದೇ ಜಾತಿಯ ಮೆದುಳುಜ್ವರ. ತೀರಾ ಅಪರೂಪ, ಆದ್ರೆ ಬಂದ್ರೆ ಉಳಿಯೋರು ಕಡಿಮೆ.

ಅರ್ಧ ಲೀಟರ್ ನೀರಿಗೆ ನಾಲ್ಕೂವರೆ ಗ್ರಾಂ ಉಪ್ಪು, ಪುಡಿ ಉಪ್ಪಾದ್ರೆ ಮುಕ್ಕಾಲು ಟೀ ಚಮಚದಷ್ಟು. ಕಲ್ಲುಪ್ಪು ಚಮಚದ ಲೆಕ್ಕಕ್ಕೆ ಸಿಗಲ್ಲ, ಕಸವೂ ಇರುತ್ತೆ. ಅದೇ ಬೇಕಂದ್ರೆ ತೂಕ ಹಾಕಿ, ನೀರಿನ ಜೊತೆ ಕುದಿಸಿ, ಕುದಿಸಿ ಒಣಗಿಸಿದ ಬಟ್ಟೇಲಿ ಸೋಸಿ. ಮಲಗೋ ಹೊತ್ತಿಗೆ ಬೇಡ, ಊಟಕ್ಕೆ ಮುಂಚೆ ಮಾಡಿ. ಆಮೇಲೆ ಮುಂದಕ್ಕೆ ಬಗ್ಗಿ ತಲೆ ಆ ಕಡೆ ಈ ಕಡೆ ವಾಲಿಸಿ ನೀರು ಇಳಿಸಿ, ಮೆತ್ತಗೆ ಸೀದಿ. ಸ್ಪ್ರೇ ಇದ್ರೆ ನೇತಿ ಆದ ಹತ್ತು ಹದಿನೈದು ನಿಮಿಷಕ್ಕೆ ಹೊಡೀರಿ.

ಧಾರವಾಡದಾಂವ · ಭಾನುವಾರ, ರಾತ್ರಿ 9:01

ನಾಲ್ಕೂವರಿ ಗ್ರಾಂ ತೂಗಾಕ ಬಂಗಾರದ ಅಂಗಡಿ ತಕ್ಕಡಿನ ಬೇಕಲ್ರಿ ಅಕ್ಕಾರ. ನಾಳೆ ಪುಡಿ ಉಪ್ಪು ತರ್ತೀನಿ.